ಗ್ರಿಲ್ ಕೊಳ್ಳೋ ಮುಂಚೆ ಹಂಡೆ ಒಲೆ ನೆನಪಿಸಿಕೊಳ್ಳಿ

ನನ್ನ ಮೊದಲ ಗ್ರಿಲ್ ಕೈಕೊಟ್ಟಿದ್ದು ಒಂದು ಭಾನುವಾರ, ಮನೆ ತುಂಬ ನೆಂಟರಿದ್ದಾಗ. ಆನ್‌ಲೈನಲ್ಲಿ ಮೂರು ಸಾವಿರದೊಳಗೆ ಸಿಕ್ಕಿದ್ದ ತಗಡಿನ ಪೆಟ್ಟಿಗೆ ಅದು. ಫೋಟೋದಲ್ಲಿ ಚೆನ್ನಾಗೇ ಇತ್ತು. ಮೂರನೇ ಸಲ ಕೆಂಡ ಹಾಕಿದಾಗ ತಳ ಬಾಗಿತು, ಮೂಲೆ ಬಿಟ್ಟುಕೊಂಡಿತು, ಕೆಂಡವೆಲ್ಲ ಟೆರೇಸಿನ ಮೇಲೆ ಉದುರಿತು. ಅರ್ಧ ಬೆಂದ ಕೋಳಿಯನ್ನು ಎತ್ತಿಕೊಂಡು ಒಳಗೆ ಓಡಿದೆ. ಉಳಿದರ್ಧ ಕುಕ್ಕರಿನಲ್ಲಿ ಬೆಂದಿತು. ಅವತ್ತಿನಿಂದ ನಮ್ಮ ಅತ್ತೆ, ಬಾರ್ಬೆಕ್ಯೂ ಅಂದರೆ ಅರ್ಧ ಸುಟ್ಟು ಆಮೇಲೆ ಕುಕ್ಕರಿಗೆ ಹಾಕೋ ಅಡುಗೆ ಅಂತಲೇ ತಿಳಿದಿದ್ದಾರೆ.

ಈಗ ದಾವಣಗೆರೆಯಲ್ಲಿ ಸ್ವಂತ ಟೆರೇಸ್ ಇರುವ ಗೆಳೆಯರು ಒಬ್ಬೊಬ್ಬರೇ ಕೇಳುತ್ತಿದ್ದಾರೆ: ಯಾವ ಗ್ರಿಲ್ ತಗೊಳ್ಳಲಿ, ಗ್ಯಾಸಾ, ಇದ್ದಿಲಾ, ಸ್ಮೋಕರ್ ಬೇಕಾ? ಎಲ್ಲರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಂಡೆ ಒಲೆ ನೆನಪು ಮಾಡಿಕೊಳ್ಳಿ. ಅಜ್ಜಿ ಬೆಳಿಗ್ಗೆ ಸ್ನಾನದ ನೀರು ಕಾಯಿಸುತ್ತಿದ್ದ ಒಲೆ. ಕೆಳಗೆ ಬೂದಿ ತೆಗೆಯೋ ಬಾಯಿ, ಮೇಲೆ ಹೊಗೆ ಹೋಗೋ ಕೊಳವೆ. ಜೋರು ಉರಿ ಬೇಕಾದರೆ ಕೆಳಗಿನ ಬೂದಿ ಎಳೆದು ಗಾಳಿಗೆ ದಾರಿ ಮಾಡಿಕೊಡುತ್ತಿದ್ದರು. ನೀರು ಕಾದ ಮೇಲೆ ಬಾಯಿಗೆ ಒಂದು ತಗಡು ಅಡ್ಡ ಇಟ್ಟುಬಿಟ್ಟರೆ ಕೆಂಡ ಮಧ್ಯಾಹ್ನದವರೆಗೂ ಮಿಣಿಮಿಣಿ ಅಂತ ಇರುತ್ತಿತ್ತು. ಅಷ್ಟೇ. ಲಕ್ಷ ರೂಪಾಯಿಯ ಗ್ರಿಲ್ ಕೂಡ ಮಾಡೋದು ಇದೇ ಕೆಲಸ. ಇದ್ದಿಲಿನ ಶಾಖ ನೀವು ಹಾಕಿದ ಇದ್ದಿಲಿನ ಲೆಕ್ಕಕ್ಕಿಂತ ಜಾಸ್ತಿ, ಅದಕ್ಕೆ ಸಿಗುವ ಗಾಳಿಯ ಲೆಕ್ಕದಲ್ಲಿ ಏರಿಳಿಯುತ್ತದೆ. ಅಂಗಡಿಯಲ್ಲಿ ನೀವು ದುಡ್ಡು ಕೊಡುವುದು ಗಾಳಿಯನ್ನು ಹಿಡಿಯೋ, ಬಿಡೋ ಅನುಕೂಲಕ್ಕೆ. ನನ್ನ ತಗಡಿನ ಪೆಟ್ಟಿಗೆಗೆ ಮುಚ್ಚಳವೇ ಇರಲಿಲ್ಲ, ಗಾಳಿ ನಾಲ್ಕೂ ಕಡೆಯಿಂದ ಬರುತ್ತಿತ್ತು. ಅದು ಸುಮ್ನೆ ಕಾಲಿರುವ ಅಗ್ಗಿಷ್ಟಿಕೆ.

ಎರಡನೇ ಮಾತು, ನೀವು ಏನು ಬೇಯಿಸುತ್ತೀರಿ ಅನ್ನೋದು. ಇದನ್ನು ಯೋಚಿಸದೆ ಕೊಂಡವರೇ ಜಾಸ್ತಿ. ಬೆಂಕಿಯ ಅಡುಗೆಯಲ್ಲಿ ಎರಡು ದಾರಿ ಇವೆ. ಒಂದು, ಕೆಂಡದ ನೇರ ಮೇಲೆ ಜೋರು ಶಾಖದಲ್ಲಿ ಬೇಗ ಸುಡೋದು: ಟಿಕ್ಕಾ, ಕಬಾಬ್, ಪನೀರ್, ಮೆಕ್ಕೆಜೋಳದ ತೆನೆ, ಬದನೆಕಾಯಿ. ಸುಮಾರು 140 ಡಿಗ್ರಿ ದಾಟಿದ ಮೇಲೆ ಮೇಲ್ಮೈ ಕಂದು ಬಣ್ಣಕ್ಕೆ ತಿರುಗುತ್ತದೆ, ಆ ಘಮ ಬರುತ್ತದೆ. (ಇಲ್ಲಿ ಹೇಳೋ ಡಿಗ್ರಿ ಎಲ್ಲ ಸೆಲ್ಸಿಯಸ್. ಅಮೆರಿಕದ ವಿಡಿಯೋಗಳಲ್ಲಿ ಫ್ಯಾರನ್‌ಹೀಟ್ ಹೇಳ್ತಾರೆ, 225 ಅಂತ ಕೇಳಿ ನೀವು 225ಕ್ಕೆ ಏರಿಸಿದರೆ ಮಾಂಸ ಇದ್ದಿಲಾಗುತ್ತದೆ. ಅವರ 225 ನಮ್ಮ 107.) ಇನ್ನೊಂದು, ಕೆಂಡವನ್ನು ಒಂದು ಪಕ್ಕಕ್ಕೆ ಅಥವಾ ತುಂಬ ಕೆಳಗೆ ಇಟ್ಟು, ಮುಚ್ಚಳ ಹಾಕಿ, 107ರಿಂದ 135 ಡಿಗ್ರಿಯ ಬಿಸಿ ಗಾಳಿ ಮತ್ತು ಹೊಗೆಯಲ್ಲಿ ಗಂಟೆಗಟ್ಟಲೆ ಬೇಯಿಸೋದು. ಸ್ಮೋಕರ್ ಅನ್ನೋದು ಇದಕ್ಕೆ.

ಈ ನಿಧಾನದ ಅಡುಗೆ ಯಾಕೆ ಬೇಕು? ಕುರಿಯ ಮುಂಗಾಲು, ಭುಜದಂಥ ಭಾಗ ಸದಾ ಕೆಲಸ ಮಾಡುವ ಸ್ನಾಯು. ಅದರಲ್ಲಿ ನಾರು, ಪೊರೆ ಜಾಸ್ತಿ. ಆ ಪೊರೆಯ ಕೊಲಾಜನ್ ಕರಗಿ ಅಂಟಂಟಾದ ಜೆಲಟಿನ್ ಆಗಬೇಕಾದರೆ ಮಾಂಸದ ಒಳಗಿನ ಶಾಖ 80-90 ಡಿಗ್ರಿ ಮುಟ್ಟಿ ಸ್ವಲ್ಪ ಹೊತ್ತು ಅಲ್ಲೇ ಇರಬೇಕು. ಕಾಲು ಸೂಪಿನಲ್ಲಿ ಬೆರಳಿಗೆ ಅಂಟುತ್ತದಲ್ಲ, ಅದೇ ಅದು. ಜೋರು ಉರಿಯಲ್ಲಿ ಅಲ್ಲಿಗೆ ಹೋದರೆ ಹೊರಗಡೆ ಕರಿದಾಗಿ ಒಣಗಿರುತ್ತದೆ. ಹಾಗಾಗಿ ನಿಧಾನ.

ಕೋಳಿಗೆ ಇದು ಬೇಡ. ಕೋಳಿಯ ಒಳಗೆ 74 ಡಿಗ್ರಿ ಬಂದರೆ ಸಾಕು, ನಿಧಾನದ ಹೊಗೆಯಲ್ಲಿ ಇಟ್ಟರೆ ಚರ್ಮ ರಬ್ಬರಿನ ಹಾಗೆ ಆಗುತ್ತದೆ. ನಿಮ್ಮ ಮನೆಯಲ್ಲಿ ಹತ್ತರಲ್ಲಿ ಒಂಬತ್ತು ಸಲ ಮಾಡೋದು ಕೋಳಿ, ಪನೀರು, ತೆನೆ ಅಂತಾದರೆ ಸ್ಮೋಕರ್‌ಗೆ ದುಡ್ಡು ಹಾಕಬೇಡಿ. ವಿಡಿಯೋಗಳಲ್ಲಿ 12 ಗಂಟೆ ಕೂತು ಬೇಯಿಸೋದು ಐದಾರು ಕೆಜಿಯ ದನದ ಎದೆ ಮಾಂಸ, ಕೊಬ್ಬು ತುಂಬಿದ ಹಂದಿ ಭುಜ. ನಮ್ಮಲ್ಲಿ ಚಳ್ಳಕೆರೆ, ಹಿರಿಯೂರಿನ ಬಯಲಲ್ಲಿ ದಿನವಿಡೀ ನಡೆದು ಮೇಯುವ ಕುರಿಗೆ ಅಷ್ಟು ಕೊಬ್ಬೆಲ್ಲಿಂದ ಬರಬೇಕು? ಒಂದೂವರೆ-ಎರಡು ಕೆಜಿಯ ಇಡೀ ಮುಂಗಾಲು 120 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಸಾಕು. ಅದೂ ಮೊದಲ ಎರಡು ಗಂಟೆ ಹೊಗೆ ಹಿಡಿಸಿ, ಆಮೇಲೆ ಬಾಳೆ ಎಲೆಯಲ್ಲೋ ಫಾಯಿಲಲ್ಲೋ ಸುತ್ತಿಟ್ಟರೆ ಒಣಗಲ್ಲ. ಸುತ್ತುವುದಕ್ಕೆ ಇನ್ನೊಂದು ಕಾರಣವೂ ಇದೆ. 65-75 ಡಿಗ್ರಿಯ ಹತ್ತಿರ ಮಾಂಸದ ಶಾಖ ಏರೋದೇ ನಿಂತುಬಿಡುತ್ತದೆ. ಮೇಲ್ಮೈಯ ತೇವ ಆವಿಯಾಗುತ್ತಾ ತಂಪು ಮಾಡುತ್ತಿರುತ್ತದೆ, ನಮಗೆ ಬೆವರಿದಾಗ ಗಾಳಿ ತಂಪೆನಿಸಿದ ಹಾಗೆ. ಹೊಸಬರು ಇಲ್ಲಿ ಗಾಬರಿಯಾಗಿ ಇನ್ನಷ್ಟು ಕೆಂಡ ಸುರಿಯುತ್ತಾರೆ. ಸುರಿಯಬೇಡಿ. ಸುತ್ತಿಟ್ಟರೆ ಆವಿ ತಪ್ಪಿಸಿಕೊಳ್ಳೋಕೆ ಆಗಲ್ಲ, ಶಾಖ ಮತ್ತೆ ಏರುತ್ತದೆ. ಅಂದ ಹಾಗೆ ಮಟನ್ ಅಂಗಡಿಯಲ್ಲಿ ಕತ್ತಿ ಎತ್ತೋ ಮುಂಚೆಯೇ "ಇಡೀ ಕೊಡಿ, ತುಂಡು ಮಾಡಬೇಡಿ" ಅಂತ ಹೇಳಿ. ಅಭ್ಯಾಸಬಲ, ಅವರ ಕೈ ನಿಲ್ಲಲ್ಲ.

ಈಗ ಮಾರುಕಟ್ಟೆಗೆ ಬರೋಣ.

ಒಂದೇ ಒಂದು ಸಾಮಾನು ಕೊಳ್ಳೋದಾದರೆ ನಾನು ಹೇಳೋದು ಮುಚ್ಚಳ ಇರುವ ಗುಂಡು ಗ್ರಿಲ್, ಕೆಟಲ್ ಅಂತಾರೆ. ಇದು ಹುಟ್ಟಿದ ಕತೆ ನನಗೆ ಇಷ್ಟ. 1952ರಲ್ಲಿ ಶಿಕಾಗೋದ ಕಡೆ ವೆಬರ್ ಬ್ರದರ್ಸ್ ಅನ್ನೋ ಲೋಹದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಸ್ಟೀಫನ್ ಅನ್ನೋರು, ತೆರೆದ ಗ್ರಿಲ್‌ಗೆ ಗಾಳಿ ನುಗ್ಗಿ ಹಾಳು ಮಾಡುತ್ತಿದ್ದುದಕ್ಕೆ ರೋಸಿಹೋಗಿ, ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ನೀರಿನ ಮೇಲೆ ತೇಲೋ ಗುಂಡನೆಯ ಲೋಹದ ಬೋಯ್ ಅನ್ನು (ಹಡಗಿಗೆ ದಾರಿ ತೋರೋ ಗುರುತು) ಎರಡು ಹೋಳು ಮಾಡಿ, ಕೆಳಗಿನದನ್ನು ಒಲೆ, ಮೇಲಿನದನ್ನು ಮುಚ್ಚಳ ಮಾಡಿಕೊಂಡರು. ಗಾಳಿಯ ಕಾಟದಿಂದ ಹುಟ್ಟಿದ ಗ್ರಿಲ್ ಅದು. ಚಿತ್ರದುರ್ಗದವರಿಗೆ ಇದಕ್ಕಿಂತ ಹೊಂದೋದು ಇನ್ನೊಂದಿಲ್ಲ. ಗುಡ್ಡದ ಮೇಲೆಲ್ಲ ಗಾಳಿ ಯಂತ್ರ ತಿರುಗುವ ಊರಲ್ಲಿ ಆಷಾಢದ ಸಂಜೆ ಮುಚ್ಚಳವಿಲ್ಲದ ಗ್ರಿಲ್ ಹಚ್ಚಿ ನೋಡಿ, ಬೂದಿಯ ಜೊತೆ ಪನೀರ್ ತಿಂತೀರ.

ಕೆಟಲ್‌ನಲ್ಲಿ ಎರಡೂ ದಾರಿಯ ಅಡುಗೆ ಆಗುತ್ತದೆ. ಕೆಂಡ ಹರಡಿದರೆ ಗ್ರಿಲ್. ಕೆಂಡವನ್ನು ಒಂದು ಬದಿಗೆ ಗುಡ್ಡೆ ಹಾಕಿ, ಮಾಂಸವನ್ನು ಇನ್ನೊಂದು ಬದಿಗಿಟ್ಟು, ಮುಚ್ಚಿ, ಕೆಳಗಿನ ಕಿಂಡಿ ಸ್ವಲ್ಪ ಮಾತ್ರ ತೆರೆದರೆ ಸ್ಮೋಕರ್. ಮೇಲಿನ ಕಿಂಡಿ ಮಾಂಸದ ಬದಿಗೆ ಬರಲಿ, ಹೊಗೆ ಅದರ ಮೇಲೆ ಹಾದು ಹೋಗುತ್ತದೆ. ಆ ಮೇಲಿನದನ್ನು ಅಡುಗೆ ನಡೆಯುವಾಗ ಪೂರ್ತಿ ಮುಚ್ಚಬೇಡಿ. ಹೊಗೆ ಒಳಗೇ ಕೊಳೆತು ಕಹಿಯಾಗುತ್ತದೆ. ಶಾಖ ಹೆಚ್ಚು ಕಡಿಮೆ ಮಾಡೋದು ಕೆಳಗಿನ ಕಿಂಡಿಯಲ್ಲಿ. ಅಳತೆ 22 ಇಂಚಿನದು ತಗೊಳ್ಳಿ. 18 ಇಂಚಿನದರಲ್ಲಿ ಕೆಂಡ ಒಂದು ಬದಿಗೆ ಹಾಕಿದ ಮೇಲೆ ಮಾಂಸಕ್ಕೆ ಜಾಗವೇ ಉಳಿಯಲ್ಲ. ಕೊಳ್ಳುವಾಗ ಮುಚ್ಚಳ ಸರಿಯಾಗಿ ಕೂರುತ್ತದಾ, ಕಿಂಡಿಯ ತಗಡು ಬಿಗಿಯಾಗಿ ತಿರುಗುತ್ತದಾ ಅಂತ ಎರಡೇ ನೋಡಿ. ಗಾಲಿ, ಪಕ್ಕದ ಮೇಜು, ಕೊಕ್ಕೆ ಇವೆಲ್ಲ ಆಮೇಲಿನ ಮಾತು.

ಗ್ಯಾಸ್ ಗ್ರಿಲ್ ಬಗ್ಗೆ ನನಗೆ ಸ್ವಲ್ಪ ಪೂರ್ವಗ್ರಹ ಇದೆ, ಮೊದಲೇ ಹೇಳಿಬಿಡುತ್ತೇನೆ. ಹತ್ತು ನಿಮಿಷದಲ್ಲಿ ಕಾಯುತ್ತದೆ, ಬೂದಿಯಿಲ್ಲ, ಮೇಲಿನ ಮನೆಯವರ ಜಗಳವಿಲ್ಲ. ವಾರದ ಮಧ್ಯೆ ರಾತ್ರಿ ಊಟಕ್ಕೆ ಬಳಸುವವರಿಗೆ ಇದೇ ಸರಿ. ಆದರೆ ಗ್ಯಾಸಿಗೆ ತನ್ನದೇ ಹೊಗೆಯ ರುಚಿ ಇಲ್ಲ. ಬರುವ ಅಲ್ಪಸ್ವಲ್ಪ ಘಮ ಕೊಬ್ಬು, ಮಸಾಲೆ ಬಿಸಿ ಪಟ್ಟಿಯ ಮೇಲೆ ತೊಟ್ಟಿಕ್ಕಿ ಸುಡುವುದರಿಂದ ಬರೋದು. ಹೊರದೇಶದಿಂದ ತರಿಸಿದ್ದಾದರೆ ರೆಗ್ಯುಲೇಟರ್ ನಮ್ಮ ಸಿಲಿಂಡರ್‌ಗೆ ಕೂರಲ್ಲ. ಅಡಾಪ್ಟರ್ ಸಿಕ್ಕಿಸಿ ಸರ್ಕಸ್ ಮಾಡೋ ಬದಲು ಇಲ್ಲಿನ ಎಲ್‌ಪಿಜಿಗೇ ಮಾಡಿದ್ದನ್ನು ಕೊಳ್ಳಿ, ಪೈಪು ಐಎಸ್‌ಐ ಗುರುತಿನದಿರಲಿ. ಪೈಪ್ ಗ್ಯಾಸ್ ಇರುವ ಮನೆಯಾದರೆ ಎಲ್‌ಪಿಜಿಯ ಜೆಟ್ (ಬರ್ನರಿಗೆ ಗ್ಯಾಸ್ ಬಿಡೋ ಸಣ್ಣ ತೂತಿನ ಮೂತಿ) ಅದಕ್ಕೆ ಆಗಲ್ಲ. ಜೆಟ್ ಬದಲಿಸಲೇಬೇಕು. ಇನ್ನು ಇದರಲ್ಲೇ ಅಂಗಡಿ ಇಡೋ ಯೋಚನೆ ಇದ್ದರೆ ಮನೆಯ 14.2 ಕೆಜಿ ಸಿಲಿಂಡರ್ ಬಳಸೋ ಹಾಗಿಲ್ಲ, ವ್ಯಾಪಾರಕ್ಕೆ 19 ಕೆಜಿಯದು.

ಪೆಲೆಟ್ ಗ್ರಿಲ್ ಅಂತ ಒಂದಿದೆ. 1980ರ ದಶಕದಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಟ್ರೇಗರ್ ಕುಟುಂಬ ಶುರು ಮಾಡಿದ್ದು. ಮರದ ಪುಡಿ ಒತ್ತಿ ಮಾಡಿದ ಗುಳಿಗೆಗಳನ್ನು ಮೋಟಾರು ಸ್ವಲ್ಪ ಸ್ವಲ್ಪವೇ ಬೆಂಕಿಗೆ ತಳ್ಳುತ್ತದೆ, ಫ್ಯಾನು ಊದುತ್ತದೆ, ನೀವು ಗುಂಡಿಯಲ್ಲಿ ಡಿಗ್ರಿ ಇಟ್ಟು ಸಿನಿಮಾ ನೋಡಬಹುದು. ಬಹಳ ಚೆನ್ನಾಗಿದೆ, ಕರೆಂಟ್ ಇರುವವರೆಗೆ. ಜೊತೆಗೆ ಅಮೆರಿಕದ ಮಾಡೆಲ್ 120 ವೋಲ್ಟಿನದು, ನಮ್ಮದು 230. ನೇರ ಪ್ಲಗ್ ಹಾಕಿದರೆ ಅಲ್ಲಿಗೆ ಮುಗಿಯಿತು. ಅಡುಗೆಗೆ ಆಗುವ ಗುಳಿಗೆ ನಮ್ಮೂರಲ್ಲಿ ಸುಲಭಕ್ಕೆ ಸಿಗಲ್ಲ. ಬಾಯ್ಲರ್‌ಗಳಿಗೆ ಮಾರುವ ಗುಳಿಗೆ ಅಗ್ಗ ಅಂತ ತಂದು ತುಂಬಬೇಡಿ, ಅದರಲ್ಲಿ ಯಾವ ಹೊಟ್ಟು, ಯಾವ ಪ್ಲೈವುಡ್ ಪುಡಿ ಇದೆ ಅಂತ ಯಾರಿಗೂ ಗೊತ್ತಿರಲ್ಲ.

ಕಮಾಡೊ ಅಂದರೆ ಜಪಾನಿ ಭಾಷೆಯಲ್ಲಿ ಒಲೆ ಅಂತಲೇ ಅರ್ಥ. ದಪ್ಪ ಸೆರಾಮಿಕ್ ಗೋಡೆಯ ಮೊಟ್ಟೆಯಾಕಾರದ ಒಲೆ, ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೈನಿಕರ ಜೊತೆ ಅಲ್ಲಿಗೆ ಹೋಯಿತು. ಒಮ್ಮೆ ಕಾದರೆ ಸ್ವಲ್ಪ ಇದ್ದಿಲಲ್ಲೇ ಗಂಟೆಗಟ್ಟಲೆ ಶಾಖ ಹಿಡಿದಿರುತ್ತದೆ, ಗಾಳಿಗೂ ಜಗ್ಗಲ್ಲ. ಬೆಲೆ ಕೇಳಿದರೆ ನಾವು ಜಗ್ಗುತ್ತೇವೆ. ಮೇಲೆ ಹೊತ್ತು ಸಾಗಿಸೋಕೆ ನಾಲ್ಕು ಜನ ಬೇಕು, ಕೈತಪ್ಪಿದರೆ ಒಡೆಯುತ್ತದೆ.

ಆಫ್‌ಸೆಟ್ ಅಂದರೆ ಪಕ್ಕದಲ್ಲಿ ಬೆಂಕಿ ಪೆಟ್ಟಿಗೆ ಅಂಟಿಸಿದ ಉದ್ದನೆಯ ಸ್ಮೋಕರ್, ಟೆಕ್ಸಸ್‌ನವರ ಪ್ರೀತಿಯ ಸಾಮಾನು. ನೋಡೋಕೆ ರೈಲು ಎಂಜಿನ್ ಥರ. ಎಲ್ಲರಿಗೂ ಇದರ ಮೇಲೇ ಕಣ್ಣು. ಒಳ್ಳೇದಕ್ಕೆ ಕಾಲು ಇಂಚು ದಪ್ಪದ ಪ್ಲೇಟು ಬೇಕು, ಅರ್ಧ-ಮುಕ್ಕಾಲು ಗಂಟೆಗೊಮ್ಮೆ ಕಟ್ಟಿಗೆ ಇಡುತ್ತಾ ಪಕ್ಕದಲ್ಲೇ ಕೂರಬೇಕು. ತೆಳು ತಗಡಿನ ಅಗ್ಗದ ಆಫ್‌ಸೆಟ್ ಅಂತೂ ದುಡ್ಡು ದಂಡ. ಬಾಗಿಲ ಸಂದಿಯಲ್ಲೆಲ್ಲ ಹೊಗೆ ಸೋರುತ್ತದೆ, ಒಂದು ತುದಿಯಲ್ಲಿ 180 ಡಿಗ್ರಿ, ಇನ್ನೊಂದು ತುದಿಯಲ್ಲಿ 90.

ನಾನು ಕೊನೆಗೆ ಹೋಗಿದ್ದು ಹರಿಹರಕ್ಕೆ. ಒಂದು ಕಾಲಕ್ಕೆ ಕಿರ್ಲೋಸ್ಕರ್ ಕಾರ್ಖಾನೆ ಲೇಥ್ ಮಾಡುತ್ತಿದ್ದ ಊರು, ಕಬ್ಬಿಣದ ಕೆಲಸ ಬಲ್ಲವರಿಗೆ ಅಲ್ಲಿ ಬರವಿಲ್ಲ. 200 ಲೀಟರಿನ ಡ್ರಮ್ಮಿನ ಚಿತ್ರ ತೋರಿಸಿ, ಕೆಳಗೆ ತೂತು, ಮೇಲೆ ಮುಚ್ಚಳ ಅಂತ ಹತ್ತು ನಿಮಿಷ ವಿವರಿಸಿದೆ. ವೆಲ್ಡಿಂಗ್ ಅಂಗಡಿಯ ಅಣ್ಣ ಎಲ್ಲ ಕೇಳಿಸಿಕೊಂಡು, "ಸರ, ಅಂದ್ರೆ ಹಂಡೆ ಇಲ್ಲದ ಹಂಡೆ ಒಲೆ ಅಲ್ವಾ?" ಅಂದರು. ಹೌದು ಅಂದೆ. ಈ ಲೇಖನದ ಅರ್ಧ ಬುದ್ಧಿ ಅವರದೇ.

ಡ್ರಮ್ ಸ್ಮೋಕರ್ ಯಾಕೆ ಕೆಲಸ ಮಾಡುತ್ತದೆ ಅಂದರೆ, ತಗಡು ತೆಳುವಾದರೂ ಆಕಾರ ಗುಂಡು. ಚಪ್ಪಟೆ ತಗಡು ಕಾದರೆ ಬಾಗುತ್ತದೆ, ಉರುಳೆಯಾಕಾರ ಹಾಗೆ ಬಾಗಲ್ಲ. ಕೆಂಡ ಒಂದು ಜಾಲರಿ ಬುಟ್ಟಿಯಲ್ಲಿರುತ್ತದೆ, ಗೋಡೆಗೆ, ತಳಕ್ಕೆ ತಾಗಲ್ಲ. ಮಾಂಸ ಕೆಂಡದಿಂದ ಸುಮಾರು ಎರಡು ಅಡಿ ಮೇಲೆ. ಕೆಳಗೆ ಮುಕ್ಕಾಲು ಇಂಚಿನ ನಾಲ್ಕು ತೂತು, ಒಂದಕ್ಕೆ ಹಿತ್ತಾಳೆಯ ಬಾಲ್ ವಾಲ್ವ್ (ತಿರುಗಿಸಿ ಗಾಳಿ ಬಿಡೋ, ತಡೆಯೋ ನಲ್ಲಿ), ಉಳಿದವಕ್ಕೆ ಮುಚ್ಚಳ. ಹಚ್ಚುವಾಗ ಎಲ್ಲ ತೆರೆದು, ಶಾಖ 100 ದಾಟುತ್ತಿದ್ದ ಹಾಗೆ ಒಂದೊಂದೇ ಮುಚ್ಚುತ್ತಾ ಬಂದು, ಕೊನೆಗೆ ವಾಲ್ವ್ ಒಂದರಲ್ಲೇ ಹದ ಹಿಡಿಯಬೇಕು. ಏರಿದ ಶಾಖ ಇಳಿಸೋದು ಬಹಳ ಕಷ್ಟ, ಏರುವಾಗಲೇ ತಡೆಯಬೇಕು. ಡ್ರಮ್ಮಿನ ಬಾಯಿ 22 ಇಂಚು ಚಿಲ್ಲರೆ, ಹಾಗಾಗಿ 22 ಇಂಚಿನ ಕೆಟಲ್‌ನ ಜಾಲರಿ ಇದಕ್ಕೂ ಕೂರುತ್ತದೆ.

ಆದರೆ ಯಾವ ಡ್ರಮ್ಮು ಅನ್ನೋದರಲ್ಲಿ ಜಿಪುಣತನ ಬೇಡ. ಅಡುಗೆ ಎಣ್ಣೆಯಂಥ ತಿನ್ನೋ ಪದಾರ್ಥ ಬಂದಿದ್ದ ಡ್ರಮ್ಮೇ ಆಗಬೇಕು. ಕೀಟನಾಶಕ, ಥಿನ್ನರ್, ರಾಸಾಯನಿಕ ಇದ್ದಿದ್ದು ಎಷ್ಟು ತೊಳೆದರೂ ಬೇಡ. ಒಳಗೆ ಕೆಂಪಗೋ ಹಳದಿಯಾಗೋ ಲೇಪನ ಇದ್ದರೆ, ಬಯಲಲ್ಲಿ ದೊಡ್ಡ ಬೆಂಕಿ ಹಾಕಿ ಪೂರ್ತಿ ಸುಟ್ಟು ಉಜ್ಜಿ ತೆಗೆಯಬೇಕು. ಮುಚ್ಚಿದ ಡ್ರಮ್ಮಿಗೆ ನೇರ ಕಟ್ಟರ್ ಹಿಡಿಯೋದು ಅಪಾಯ, ಒಳಗೆ ಉಳಿದ ಆವಿ ಸಿಡಿಯುತ್ತದೆ. ಮೊದಲು ಬಿರಡೆ ಬಿಚ್ಚಿ ನೀರು ತುಂಬಿ ತೊಳೆಯಬೇಕು, ಇದು ಒಳ್ಳೆ ಕೆಲಸಗಾರರಿಗೆ ಗೊತ್ತಿರುತ್ತದೆ. ಮತ್ತೆ ಜಿಐ ತಗಡು, ಜಿಐ ಜಾಲರಿ ಬಳಸಲೇಬೇಡಿ. ಅದರ ಮೇಲಿನ ಸತು ಜೋರು ಶಾಖಕ್ಕೆ ಹೊಗೆಯಾಗಿ ಬಂದು ಜ್ವರ, ವಾಂತಿ ತರಿಸುತ್ತದೆ. ಜಾಲರಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. ಮ್ಯಾಗ್ನೆಟ್ ಹಿಡಿದು "ನೋಡಿ ಸರ ಅಂಟಲ್ಲ, 304" ಅಂತ ತೋರಿಸುತ್ತಾರೆ. ಅಗ್ಗದ 202 ಕೂಡ ಅಂಟಲ್ಲ, ಹಾಗಾಗಿ ಆ ಪರೀಕ್ಷೆ ನಂಬಬೇಡಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹೊರಗೆ ಸೈಲೆನ್ಸರ್‌ಗೆ ಹೊಡೆಯೋ ಶಾಖ ತಡೆಯೋ ಪೇಂಟ್ ಆಗುತ್ತದೆ. ಒಳಗೆ ಪೇಂಟ್ ಬೇಡ. ದೋಸೆ ಹಂಚು ಪಳಗಿಸಿದ ಹಾಗೆ ಎಣ್ಣೆ ಸವರಿ ಎರಡು ಮೂರು ಗಂಟೆ ಖಾಲಿ ಉರಿಸಿ, ಕಪ್ಪು ಪದರ ಕಟ್ಟಿಕೊಂಡರೆ ತುಕ್ಕು ಬರಲ್ಲ.

ಸೌದೆಯ ವಿಷಯದಲ್ಲಿ ನಾವು ಪುಣ್ಯವಂತರು, ಗೊತ್ತಿಲ್ಲ ಅಷ್ಟೇ. ಅಮೆರಿಕದವರು ಮೆಸ್ಕೀಟ್ ಅಂತ ಚೀಲಕ್ಕೆ ಇಷ್ಟು ಅಂತ ದುಡ್ಡು ಕೊಟ್ಟು ಕೊಳ್ಳುವ ಕಟ್ಟಿಗೆ ಇದೆಯಲ್ಲ, ಅದು ನಮ್ಮ ಬಳ್ಳಾರಿ ಜಾಲಿಯ ಸ್ವಂತ ದಾಯಾದಿ, ಎರಡೂ ಒಂದೇ ಕುಲದವು. ಬಳ್ಳಾರಿ ಜಾಲಿಯೂ ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಗಿಡ. ಚಳ್ಳಕೆರೆ, ಹಿರಿಯೂರಿನ ದಾರಿಯಲ್ಲಿ ಹೊಲದ ಬದು, ಕೆರೆ ಅಂಗಳ ಎಲ್ಲ ನುಂಗಿಕೊಂಡು ರೈತರ ಶಾಪ ತಿನ್ನುತ್ತಾ ನಿಂತಿರೋದು ಅದೇ. ಇಸ್ತ್ರಿ ಅಂಗಡಿಗೆ ಚೀಲದಲ್ಲಿ ಬರುವ ಇದ್ದಿಲಲ್ಲಿ ಜಾಸ್ತಿ ಪಾಲು ಅದರದು. ಇದ್ದಿಲಾಗಿ ಚೆನ್ನಾಗಿ ಕಾವು ಕೊಡುತ್ತದೆ. ಕಟ್ಟಿಗೆಯಾಗಿ ಮಾತ್ರ ಜಾಸ್ತಿ ಹಾಕಬೇಡಿ, ಹೊಗೆ ಗಾಟು. ಆರು ತಿಂಗಳು ಒಣಗಿದ, ಮುಷ್ಟಿ ಗಾತ್ರದ ಎರಡು ತುಂಡು ಒಂದು ಮುಂಗಾಲಿಗೆ ಸಾಕು. ಮಾವು, ಸೀಬೆ ಇನ್ನೂ ಮೃದು, ಕೋಳಿಗೆ ಅವೇ ಚೆಂದ. ಹೊಸದುರ್ಗದ ಕಡೆಯವರಿಗೆ ತೆಂಗಿನ ಚಿಪ್ಪಿನ ಇದ್ದಿಲು ಇದೆ, ಕಬಾಬಿಗೆ ಅದರಷ್ಟು ಜೋರು ಕೆಂಡ ಇಲ್ಲ. ಬೇವು ಕಹಿ, ನೀಲಗಿರಿ ಎಣ್ಣೆ ವಾಸನೆ. ಪ್ಲೈವುಡ್, ಪೇಂಟ್ ಹೊಡೆದ ಹಳೇ ಬಾಗಿಲು, ಪ್ಯಾಕಿಂಗ್ ಪೆಟ್ಟಿಗೆ ಯಾವತ್ತೂ ಬೇಡ. ಹೊಗೆ ದಟ್ಟ ಬಿಳಿಯಾಗಿ ಮಗುಚಿ ಬರುತ್ತಿದ್ದರೆ ಉರಿ ಸರಿಯಾಗಿ ಹತ್ತಿಲ್ಲ ಅಂತ ಅರ್ಥ, ಆಗ ಮಾಂಸ ಇಡಬೇಡಿ. ತೆಳ್ಳಗೆ, ಕಂಡೂ ಕಾಣದ ಹಾಗೆ ನೀಲಿಯಾಗಿ ಬಂದಾಗ ಇಡಿ. ಸೀಮೆಎಣ್ಣೆ ಸುರಿದು ಹಚ್ಚೋರಿಗೆ ಏನು ಹೇಳಲಿ, ಕೊನೇ ತುತ್ತಿನವರೆಗೂ ಸೀಮೆಎಣ್ಣೆಯದೇ ರುಚಿ.

ಗ್ರಿಲ್‌ನಲ್ಲಿ ಸಾವಿರ ಎರಡು ಸಾವಿರ ಉಳಿಸಿದರೂ ಪರವಾಗಿಲ್ಲ, ಚುಚ್ಚಿ ನೋಡೋ ಡಿಜಿಟಲ್ ಥರ್ಮಾಮೀಟರ್ ಒಂದು ಕೊಳ್ಳಿ. ಮುಚ್ಚಳದ ಮೇಲಿನ ಮುಳ್ಳು ತೋರಿಸೋದು ಮುಚ್ಚಳದ ಹತ್ತಿರದ ಶಾಖ, ಮಾಂಸ ಇರುವ ಜಾಲರಿಯದಲ್ಲ. ಇಪ್ಪತ್ತು ಡಿಗ್ರಿ ವ್ಯತ್ಯಾಸ ಮಾಮೂಲಿ. ಗಡಿಯಾರ ನೋಡಿ ಬೇಯಿಸಿದರೆ ಒಂದು ಸಲ ಹಸಿ, ಇನ್ನೊಂದು ಸಲ ಚಪ್ಪಲಿ. ಇನ್ನು ನಮ್ಮ ಹಾಗೆ ಮನೆಯಲ್ಲಿ ಅರ್ಧ ಜನ ಸಸ್ಯಾಹಾರಿಗಳಿದ್ದರೆ ಎರಡನೇ ಜಾಲರಿ ಮೊದಲೇ ಮಾಡಿಸಿಟ್ಟುಕೊಳ್ಳಿ. ಅದೇ ಕೆಂಡ, ಬೇರೆ ಜಾಲರಿ, ತೆನೆ ಮತ್ತು ಬದನೆಕಾಯಿ ಮೊದಲು, ಮಟನ್ ಆಮೇಲೆ. ಇದೊಂದರಿಂದ ನಮ್ಮ ಮನೆಯಲ್ಲಿ ಶಾಂತಿ ಇದೆ.

ಇಡೋ ಜಾಗ ಬಯಲಲ್ಲೇ ಇರಲಿ. ಮಳೆ ಬಂತು ಅಂತ ಒಳಗೋ, ಮುಚ್ಚಿದ ಬಾಲ್ಕನಿಗೋ ತಂದು ಇಡಬೇಡಿ. ಆರಿದ ಹಾಗೆ ಕಾಣುವ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಿರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಗಾಳಿ ಬೀಸೋ ದಿಕ್ಕು ನೋಡಿ, ಪಕ್ಕದ ಟೆರೇಸಿನಲ್ಲಿ ಸಂಡಿಗೆ ಒಣಗಿಸಿದ್ದಾರಾ ಅಂತಲೂ ನೋಡಿ. ಮುಗಿದ ಮೇಲೆ ಎಲ್ಲ ಕಿಂಡಿ ಮುಚ್ಚಿದರೆ ಕೆಂಡ ತಾನೇ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕಾಯಿತು. ಬೂದಿ ಮಾತ್ರ ಮಳೆಗಾಲದಲ್ಲಿ ಒಳಗೆ ಬಿಡಬೇಡಿ, ತೇವ ಹೀರಿ ತಳ ತಿಂದುಹಾಕುತ್ತದೆ.

ಕವರ್‌ಗೆ ಬೇರೆ ದುಡ್ಡು ಬೇಡ, ಹಳೇ ಫ್ಲೆಕ್ಸ್ ಸಾಕು, ನಮ್ಮೂರಲ್ಲಿ ಅದಕ್ಕೇನು ಬರವೇ? ನನ್ನ ಡ್ರಮ್ಮಿನ ಮೇಲೆ ಈಗ ಯಾರದೋ ಹುಟ್ಟುಹಬ್ಬದ ಶುಭಾಶಯ ಇದೆ. ಡ್ರಮ್ಮು ಪೂರ್ತಿ ತಣ್ಣಗಾದ ಮೇಲೆ ಹೊದಿಸಿ. ನಾನು ಒಮ್ಮೆ ಅವಸರ ಮಾಡಿ, ಆ ಶುಭಾಶಯದ ಅರ್ಧ ಮುಚ್ಚಳಕ್ಕೆ ಕರಗಿ ಅಂಟಿಕೊಂಡು, ಕೆರೆದು ತೆಗೆಯೋಕೆ ಒಂದು ಇಡೀ ಭಾನುವಾರ ಹೋಯಿತು.